ಬೊಡ್ಚಿ ಎಂದವರ ಅಕ್ಕಿ

ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಷ್ಟು ಕಾಲ ನಾಚಿಕೆ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಜನರಿಗೆ ಧರ್ಮಕ್ಕೆ ಅಕ್ಕಿ ಹಂಚುವ ಕೆಲಸಕ್ಕೆ ಇಳಿದ ಮೇಲೆ ಅದು ವಾರದ ಸಂತೆಯ ಹಾಗೆ ತಪ್ಪದೆ ಬರುತ್ತಾ ಉಂಟು.

ಬಂಟ್ವಾಳ ಪೇಟೆಯಲ್ಲಿ ನನ್ನದು ಅಕ್ಕಿ-ಬೇಳೆಯ ಸಗಟು ಅಂಗಡಿ. ಮೂಡಬಿದ್ರೆಯ ಒಬ್ಬ ನಿವೃತ್ತ ಹೆಡ್‌ಮಾಸ್ಟರು ನಾಲ್ಕು ಜನರನ್ನು ಸೇರಿಸಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಈ ಮೂರೂ ಕಡೆಯ ಕಷ್ಟದ ಮನೆಗಳಿಗೆಂದು ಒಂದು ‘ಆಹಾರ ಬ್ಯಾಂಕ್’ ಕಟ್ಟಿದರು. ಅವರು ಅಧ್ಯಕ್ಷರು, ನಾನು ಖಜಾಂಚಿ. “ನನ್ನನ್ನೇ ಯಾಕೆ?” ಎಂದು ಕೇಳಿದೆ. “ತಮ್ಮ ಪ್ರಾಮಾಣಿಕತೆ ಸರ್ವವಿದಿತ. ಅಲ್ಲದೆ ಪಾಣೆಮಂಗಳೂರಿನಲ್ಲಿ ತಮ್ಮ ಗೋದಾಮು ಖಾಲಿ ಉಂಟಲ್ಲ” ಎಂದರು.

ಉದ್ಘಾಟನೆಯ ದಿನ ಅವರು ಮೈಕ್ ಹಿಡಿದು, “ಆಟಿ ತಿಂಗಳು ಕಾಲಿಡುವ ಮೊದಲು ನಮ್ಮಲ್ಲಿ ಹೆಸರು ಕೊಟ್ಟ ಪ್ರತಿಯೊಂದು ಮನೆಗೂ ಕುಚ್ಚಲಕ್ಕಿ ತಲುಪತಕ್ಕದ್ದು. ಇದು ನಮ್ಮ ಖಜಾಂಚಿಗಳು ಕೊಟ್ಟ ಮಾತು” ಎಂದು ಘೋಷಿಸಿದರು. ನಾನು ಮಾತು ಕೊಟ್ಟದ್ದು ನನಗೆ ಗೊತ್ತಾದದ್ದು ಆ ಮೈಕಿನಿಂದಲೇ.

ಆಟಿ ಎಂದರೆ ಮಳೆ ಹಿಡಿದು ಕೂಲಿ ನಿಲ್ಲುವ ತಿಂಗಳು. ಅಕ್ಕಿ ಹೋಗದಿದ್ದರೆ ಆ ಮನೆಗಳಲ್ಲಿ ಗಂಜಿಗೆ ನೀರು ಮಾತ್ರ. ನನಗೋ, “ಅಕ್ಕಿ ವ್ಯಾಪಾರಿಯನ್ನು ಖಜಾಂಚಿ ಮಾಡಿದರೆ ಇನ್ನೆಂತ ಆಗ್ತದೆ?” ಎಂಬ ಮಾತು ಜನ್ಮಕ್ಕೆ ಅಂಟಿದ ಹಾಗೆ. ಗೋದಾಮಿನಲ್ಲಿ ಬೇಕಾದುದರ ಅರ್ಧ ಮಾತ್ರ ಇತ್ತು. ನಿಮ್ಮ ಅಂಗಡಿಯಿಂದಲೇ ಕೊಡಬಹುದಿತ್ತಲ್ಲ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಅರ್ಧ ಅಲ್ಲಿಂದಲೇ ಬಂದದ್ದು.

ಬಡ್ಡಿ ಎಷ್ಟು?

ಬ್ಯಾಂಕ್ ಎಂದು ಹೆಸರಿಡಬೇಡಿ ಎಂದು ನಾನು ಬಡಕೊಂಡಿದ್ದೆ. ಕೇಳಲಿಲ್ಲ.

ಬೋರ್ಡು ಹಾಕಿದ ಮಾರನೆಯ ದಿನವೇ ಒಬ್ಬಳು ಅಜ್ಜಿ ತಲೆಯ ಮೇಲೆ ಗಂಟು ಹೊತ್ತು ಗೋದಾಮಿಗೆ ಬಂದಳು. ಗಂಟನ್ನು ಮೇಜಿನ ಮೇಲೆ ಇಳಿಸಿ, “ಡಿಪಾಸಿಟ್ ಇಡ್ಲಿಕ್ಕೆ ಉಂಟು” ಎಂದಳು. ಬಿಚ್ಚಿ ನೋಡಿದರೆ ರೇಷನ್ ಅಂಗಡಿಯ ಬಿಳಿ ಬೆಳ್ತಿಗೆ ಅಕ್ಕಿ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ಅಮ್ಮಾ, ಇದು ಹಣದ ಬ್ಯಾಂಕಲ್ಲ. ಅನ್ನದ ಬ್ಯಾಂಕು.”

“ಗೊತ್ತುಂಟು. ಅದಕ್ಕೇ ಅಕ್ಕಿ ತಂದದ್ದು. ಬಡ್ಡಿ ಎಷ್ಟು?”

“ಇಲ್ಲಿ ಬಡ್ಡಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.”

“ಬೆಳ್ತಿಗೆ ಇಟ್ಟುಕೊಳ್ಳಿ, ಆಟಿಗೆ ಕುಚ್ಚಲು ಕೊಡಿ. ಹೆಚ್ಚು ಬೇಡ, ಸೇರಿಗೆ ಒಂದು ಪಾವು ಬಡ್ಡಿ ಸೇರಿಸಿದರೆ ಸಾಕು.”

ಅಧ್ಯಕ್ಷರು ನನ್ನ ಮುಖ ನೋಡಿದರು. ಅಜ್ಜಿಯೂ ನೋಡಿದಳು. ಇಡೀ ಬ್ಯಾಂಕಿನ ಹಣಕಾಸು ನೀತಿ ನನ್ನ ಬಾಯಲ್ಲಿ ಬಂದು ನಿಂತಿತ್ತು. “ಬಡ್ಡಿ ಇಲ್ಲ ಅಜ್ಜಿ, ಡಿಪಾಸಿಟೂ ಬೇಡ. ನಿಮಗೆ ಕುಚ್ಚಲಕ್ಕಿ ಸುಮ್ಮನೆ ಕೊಡ್ತೇವೆ” ಎಂದು ಒಂದು ಚೀಲ ಅವಳ ಮುಂದಿಟ್ಟೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ತನ್ನ ಗಂಟು ಕಟ್ಟಿದಳು, ನಮ್ಮ ಚೀಲವನ್ನೂ ಕಂಕುಳಿಗೆ ಇಟ್ಟಳು. ಬಾಗಿಲಲ್ಲಿ ನಿಂತು ನಮ್ಮ ಟೆಂಪೋ ಡ್ರೈವರನ ಕಿವಿಯಲ್ಲಿ ಹೇಳಿದಳಂತೆ: “ಸುಮ್ಮನೆ ಕೊಡುವ ಬ್ಯಾಂಕು ಹೆಚ್ಚು ದಿನ ಬಾಳುವುದಿಲ್ಲ ಮಗಾ. ನಿನ್ನ ಸಂಬಳ ಮೊದಲೇ ತೆಗೆದುಕೊ.”

ಮೂರಕ್ಕೆ ಮುಗಿಸುವ

ಅಕ್ಕಿ ಸಾಲದಾದ ಮೇಲೆ ಬೇಡಲು ಹೊರಡಲೇಬೇಕಾಯಿತು. ನನ್ನ ಜನ್ಮದಲ್ಲಿ ನಾನು ಯಾರ ಅಂಗಡಿಗೂ ವಸೂಲಿಗಲ್ಲದೆ ಹೋದವನಲ್ಲ. ಕಲ್ಲಡ್ಕದಲ್ಲಿ ನನ್ನದೇ ವ್ಯಾಪಾರ ಮಾಡುವ ಹಳೆಯ ಎದುರಾಳಿಯೊಬ್ಬರಿದ್ದಾರೆ. ಮೊದಲು ಅವರಲ್ಲಿಗೇ ಹೋಗುವ ಎಂದು ಅಧ್ಯಕ್ಷರು ಹಟ ಹಿಡಿದರು.

ಎದುರಾಳಿ ಕೂರಿಸಿ ಚಹಾ ತರಿಸಿದರು. ಅಧ್ಯಕ್ಷರು ಹಸಿವಿನ ಬಗ್ಗೆ ಭಾಷಣ ಮಾಡುತ್ತಿರುವಾಗ ನಾನು ನೆಲ ನೋಡುತ್ತಾ ಕೂತಿದ್ದೆ. ಭಾಷಣ ಮುಗಿಯಿತು. ಎದುರಾಳಿ ನನ್ನ ಕಡೆ ತಿರುಗಿ, “ಆಯ್ತು ಸಾಹುಕಾರ್ರೇ, ನನ್ನ ಲೆಕ್ಕದಲ್ಲಿ ಐದು ಮೂಟೆ” ಎಂದರು.

ಇಷ್ಟು ವರ್ಷ ಎದುರಿನವನು ಒಂದು ಸಂಖ್ಯೆ ಹೇಳಿದ ಕೂಡಲೇ ನನ್ನ ಬಾಯಿಂದ ಬರುವುದು ಒಂದೇ ಮಾತು. ಅದೇ ಬಂತು.

“ಐದಾ? ಜಾಸ್ತಿ ಆಯ್ತು ಮಾರಾಯ್ರೇ. ಮೂರಕ್ಕೆ ಮುಗಿಸುವ.”

ಚಹಾ ಕುಡಿಯುತ್ತಿದ್ದ ಅಧ್ಯಕ್ಷರಿಗೆ ಕೆಮ್ಮು ಹತ್ತಿತು. ಎದುರಾಳಿ ಮಾತ್ರ ಎದ್ದು ನನ್ನ ಕೈ ಕುಲುಕಿದರು. “ಇಷ್ಟು ವರ್ಷದಲ್ಲಿ ನಿಮ್ಮ ಚೌಕಾಸಿಯಿಂದ ನನಗೆ ಲಾಭ ಆದದ್ದು ಇದೇ ಮೊದಲು. ಮೂರು ಮೂಟೆ, ಮಾತು ಪಕ್ಕಾ!”

ಡೀಸೆಲಿನ ಫೋಟೋ

ಆಮೇಲೆ ನನ್ನನ್ನು ಬೇಡಲು ಕಳಿಸುವುದು ನಿಂತಿತು. ಕೊಡುವವರು ಗೋದಾಮಿಗೇ ಬರಲಿ ಎಂದಾಯಿತು. ಬಂದರು ಕೂಡ. ಒಂದು ಸಂಗತಿ ನನಗೆ ಬೇಗ ತಿಳಿಯಿತು. ಅಕ್ಕಿ ಕೊಡುವವರು ಎಲ್ಲಿಯಾದರೂ ಸಿಗುತ್ತಾರೆ. ಆ ಅಕ್ಕಿಯನ್ನು ಗುಡ್ಡದ ಮೇಲಿನ ಮನೆಗೆ ಮುಟ್ಟಿಸುವ ಡೀಸೆಲಿಗೆ ಕೊಡುವವರು ಎಲ್ಲಿಯೂ ಇಲ್ಲ. ಡೀಸೆಲಿನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲವಲ್ಲ.

ಒಬ್ಬ ಕಂಟ್ರಾಕ್ಟರರು ಒಂದೇ ಒಂದು ಮೂಟೆ ತಂದರು. ಜೊತೆಗೆ ಅವರ ಮುಖವಿದ್ದ ಬ್ಯಾನರು. ಅದನ್ನು ಹಿಡಿಯಲು ಮೂರು ಜನ ಬೇಕಾಯಿತು. ಮೂಟೆ ಹಸ್ತಾಂತರಿಸುವ ಫೋಟೋ ಆಯಿತು. ಬ್ಯಾನರು ಸೊಟ್ಟ ಬಂದಿದೆಯೆಂದು ಇನ್ನೊಮ್ಮೆ ಆಯಿತು. ಹಿಂದಿನಿಂದ ಯಾರೋ ಆಕಳಿಸಿದ್ದಾರೆಂದು ಮತ್ತೊಮ್ಮೆ.

ಅವರು ಹೊರಡುವ ಹೊತ್ತಿಗೆ ನಮ್ಮ ಡ್ರೈವರ್ ಮುಂದೆ ಬಂದು ಕೈಕಟ್ಟಿ ನಿಂತ. “ಸಾರ್, ಟೆಂಪೋಗೆ ಸ್ವಲ್ಪ ಡೀಸೆಲ್ ಹಾಕಿಸ್ತೀರಾ? ಪೈಪು ಟ್ಯಾಂಕಿಗೆ ಇಡುವಾಗ ನೀವೇ ಹಿಡ್ಕೊಳ್ಳಿ, ನಾನು ಫೋಟೋ ತೆಗೀತೇನೆ.”

ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುವ ಎನಿಸಿತು. ಕಂಟ್ರಾಕ್ಟರರು ಮಾತ್ರ ಗಂಭೀರವಾಗಿ ಯೋಚಿಸಿದರು. “ಬಂಕಿನಲ್ಲಿ ಬ್ಯಾನರು ಕಟ್ಟಲಿಕ್ಕೆ ಬಿಡ್ತಾರಾ?”

ಯಾರಿಗೂ ಬ್ಯಾಡಂತ್ರೀ

ಆಟಿಗೆ ಇನ್ನು ಕೆಲವೇ ದಿನ ಎನ್ನುವಾಗ ಬೆಳ್ತಂಗಡಿ ಕಡೆಯ ಒಬ್ಬರು ಹೋಟೆಲಿನ ಧಣಿ ಊರಿಗೆ ಬಂದಿದ್ದರು. ಗಲ್ಫಿನಲ್ಲಿ ಹೋಟೆಲುಗಳುಂಟು. ಅಧ್ಯಕ್ಷರ ಹಳೆಯ ಶಿಷ್ಯ. “ಐವತ್ತು ಮೂಟೆ ಕುಚ್ಚಲಕ್ಕಿ ಕೊಡ್ತೇನೆ. ಆದರೆ ನೀವು ಹಂಚುವುದನ್ನು ನಾನು ಒಮ್ಮೆ ಕಣ್ಣಾರೆ ನೋಡಬೇಕು” ಎಂದರು. ಐವತ್ತು ಬಂದರೆ ನಮ್ಮ ಮಾತು ಉಳಿಯಿತು. ಈ ಸಲ ನಾನು ಬಾಯಿ ಬಿಡದೆ ತಲೆ ಮಾತ್ರ ಅಲ್ಲಾಡಿಸಿದೆ.

ಹಂಚುವ ಹೊಣೆ ಹೊತ್ತವರು ಮೂಡಬಿದ್ರೆಯ ಒಬ್ಬ ಕಾಲೇಜು ಮೇಡಂ. ವಿಜಯಪುರದ ಕಡೆಯವರು, ಬಂದು ಆರು ತಿಂಗಳೂ ಆಗಿರಲಿಲ್ಲ. ಧಣಿ ಬರುವ ದಿನ ಬೆಳಿಗ್ಗೆ ಟೆಂಪೋ ತುಂಬ ಅಕ್ಕಿ ಹೇರಿಕೊಂಡು ಅಳದಂಗಡಿ ಕಡೆಯ ಮನೆಗಳಿಗೆ ಹೋದರು. ಡ್ರೈವರನಿಗೆ ಅಂದು ಜ್ವರ. ಬದಲಿಗೆ ಬಂದವನೂ ಘಟ್ಟದ ಮೇಲಿನವನೇ, ತುಳು ಬಾರದವನು. ಮಧ್ಯಾಹ್ನ ಧಣಿ ಗೋದಾಮಿಗೆ ಬಂದು ಕುರ್ಚಿಯಲ್ಲಿ ಕೂತರು. ಸರಿಯಾಗಿ ಅದೇ ಹೊತ್ತಿಗೆ ಟೆಂಪೋ ಹಿಂದೆ ಬಂತು. ಹೋದಾಗ ಎಷ್ಟು ತುಂಬಿತ್ತೋ ಅಷ್ಟೇ ತುಂಬಿಕೊಂಡು.

ಮೇಡಂ ಸಂತೋಷದಿಂದ ಇಳಿದರು. “ನಿಮ್ಮ ಊರ ಮಂದಿ ಭಾಳ ಸುಖವಾಗಿ ಅದಾರ್ರೀ ಸರ್! ಯಾರಿಗೂ ಬ್ಯಾಡಂತ್ರೀ.”

“ಬೇಡ ಅಂದರಾ?”

“ಎಲ್ಲಾ ಮನ್ಯಾಗೂ ‘ಬೊಡ್ಚಿ’ ಅಂದ್ರು. ಅಂದ್ರ ಬ್ಯಾಡ ಅಂತ ಹೌದಲ್ರೀ? ನಾವು ಒತ್ತಾಯ ಮಾಡ್ಲಿಲ್ಲ. ಆದ್ರ ಒಂದು ವಿಚಿತ್ರ ನೋಡ್ರಿ, ನಾನು ಚಹಾ ಬ್ಯಾಡ ಬ್ಯಾಡ ಅಂದ್ರೂ ಅವರು ಬಿಡವಲ್ರು. ಕುಡಿದು ಕುಡಿದು ಹೊಟ್ಟಿ ಉಬ್ಬೇತ್ರಿ.”

ತುಳು ಮಾತಾಡುವವರ ನಡುವೆ ಮೊದಲ ಸಲ ಕೊಟ್ಟದ್ದನ್ನು ಬೊಡ್ಚಿ ಎನ್ನದೆ ತೆಗೆದುಕೊಂಡರೆ ಅವನು ಹುಟ್ಟುವಾಗಲೇ ಮರ್ಯಾದೆ ಬಿಟ್ಟವನು. ಎರಡನೆಯ ಸಲಕ್ಕೂ ಬೊಡ್ಚಿಯೇ. ಮೂರನೆಯ ಸಲ ಕೇಳುವವರೆಗೆ ವ್ಯವಹಾರ ಶುರುವಾಗುವುದೇ ಇಲ್ಲ. ಇದನ್ನು ಮೇಡಂಗೆ ಹೇಳಿಕೊಡಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಉಸಿರಾಡುವುದು ಹೇಗೆಂದು ಯಾರಾದರೂ ಹೇಳಿಕೊಡುತ್ತಾರಾ?

ಧಣಿ ಎದ್ದು ನಿಂತರು. “ಬೇಡದವರಿಗೆ ಕೊಡಲಿಕ್ಕೆ ನಾನೆಂತಕ್ಕೆ ಐವತ್ತು ಮೂಟೆ ಖರೀದಿ ಮಾಡಬೇಕು?”

“ಧಣಿಗಳೇ, ನೀವು ಇದೇ ಊರಿನವರು. ಬೊಡ್ಚಿ ಅಂದರೆ ಎಂತ ಅಂತ ನಿಮಗೆ ಗೊತ್ತುಂಟಲ್ಲ?” ಎಂದೆ.

“ಬೊಡ್ಚಿ ಅಂದರೆ ಬೇಡ. ನನ್ನ ಹೋಟೆಲಿನಲ್ಲಿ ಗಿರಾಕಿ ಬೇಡ ಅಂದ ಮೇಲೆ ಚಟ್ನಿ ಹಾಕಿದರೆ ಪೊಲೀಸು ಬರ್ತದೆ!”

ಮೂರನೆಯ ಸಲ

ಒಂದೇ ಒಂದು ಮನೆಗೆ ಬನ್ನಿ ಎಂದು ಧಣಿಯ ಕಾರಿನಲ್ಲೇ ಕೂತೆ. ಡಿಕ್ಕಿಯಲ್ಲಿ ಒಂದು ಚೀಲ ಅಕ್ಕಿ. ಅಳದಂಗಡಿಯಿಂದ ಸ್ವಲ್ಪ ಒಳಗೆ, ಬೆಳಿಗ್ಗೆ ಮೇಡಂ ಚಹಾ ಕುಡಿದ ಮನೆಗಳಲ್ಲೇ ಒಂದು. ಜಗಲಿಯಲ್ಲಿ ಹೆಂಗಸೊಬ್ಬಳು ಬೀಡಿ ಕಟ್ಟುತ್ತಿದ್ದಳು. ಗಂಡ ಸೊಂಟ ಹಿಡಿದು ಮಲಗಿದ್ದ.

“ಸ್ವಲ್ಪ ಅಕ್ಕಿ ತಂದಿದ್ದೇವೆ” ಎಂದರು ಧಣಿ.

“ಬೊಡ್ಚಿ ಧಣಿ” ಎಂದಳು, ಬೀಡಿಯಿಂದ ಕಣ್ಣೆತ್ತದೆ.

ಧಣಿ ನನ್ನನ್ನು ನೋಡಿದರು: ಕೇಳಿತಾ? ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದೆ.

“ಇರಲಿ, ಇಟ್ಟುಕೊಳ್ಳಿ.”

“ಬೊಡ್ಚಿ. ಉಂಟು ನಮ್ಮಲ್ಲಿ.”

ಒಳಗಿನಿಂದ ಅತ್ತೆಯ ಸ್ವರ ಬಂತು. “ಎಂತ ಉಂಟು? ನಿನ್ನೆಯ ಗಂಜಿಯ ತಿಳಿ ಉಂಟು!”

ಬೀಡಿ ಕಟ್ಟುವ ಕೈ ನಿಂತಿತು. ಆ ಹೆಂಗಸಿನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬೆಳಿಗ್ಗೆ ನಮ್ಮ ಟೆಂಪೋ ಇದೇ ಅಂಗಳದಿಂದ ತುಂಬಿದ ಹಾಗೇ ಹಿಂದೆ ಹೋಗಿತ್ತು. ಇವಳು ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿರಬೇಕು.

ಧಣಿ ಮೂರನೆಯ ಸಲ ಕೇಳಲಿಲ್ಲ. ಕಾರಿಗೆ ಹೋಗಿ ಚೀಲವನ್ನು ತಾವೇ ಹೊತ್ತು ತಂದು ಜಗಲಿಯಲ್ಲಿ ಇಳಿಸಿದರು.

“ಯಾಕೆ ಸುಮ್ಮನೆ?” ಎಂದಳು ಅವಳು. ಅಕ್ಕಿ ಮುಟ್ಟಿತು ಎಂಬುದಕ್ಕೆ ನಮ್ಮ ಕಡೆ ಅದೇ ರಶೀದಿ.

ಹಿಂದೆ ಹೊರಟೆವು. ಧಣಿಗೆ ಬೇರೆ ಕಡೆ ಹೋಗಲಿಕ್ಕಿತ್ತು. ನನ್ನನ್ನು ಅಳದಂಗಡಿ ಪೇಟೆಯಲ್ಲಿ ಇಳಿಸಿದರು. ಬಸ್ಸಿನಲ್ಲಿ ಹೋಗ್ತೇನೆ ಎಂದೆ. ಆಗ ಗ್ಲಾಸು ಇಳಿಸಿ ಕೇಳಿದರು:

“ಹಾಗಾದರೆ ಆ ಐವತ್ತು ಮೂಟೆ ನಾಳೆಯೇ ಕಳಿಸಲಾ?”

ನಾನೂ ಇದೇ ಊರಿನವನು. ಇದೇ ಊರಿನ ತಾಯಿ ಹೆತ್ತು ಬೆಳೆಸಿದ ಬಾಯಿ.

“ಅಯ್ಯೋ ಬೊಡ್ಚಿ ಬೊಡ್ಚಿ. ನಿಮಗೆ ಯಾಕೆ ಸುಮ್ಮನೆ ತೊಂದರೆ!”

“ಸರಿ” ಎಂದರು ಧಣಿ. ಗ್ಲಾಸು ಮೇಲೆ ಹೋಯಿತು. ಕಾರು ಹೊರಟಿತು.

ನನಗೆ ಬುದ್ಧಿ ಬರುವಷ್ಟರಲ್ಲಿ ಐವತ್ತು ಮೂಟೆ ಪೇಟೆಯ ಅರ್ಧ ದಾಟಿತ್ತು. ಮುಂಡು ಎತ್ತಿ ಹಿಡಿದು ಓಡಿದೆ. “ಬೋಡು! ಬೋಡು!” ಎಂದು ಕೂಗಿದೆ. ಬೋಡು ಎಂದರೆ ಬೇಕು. ಆ ಶಬ್ದವನ್ನು ಸಾರ್ವಜನಿಕವಾಗಿ ಇಷ್ಟು ದೊಡ್ಡ ಸ್ವರದಲ್ಲಿ ತುಳುನಾಡಿನಲ್ಲಿ ಬೇರೆ ಯಾರೂ ಕೂಗಿರಲಿಕ್ಕಿಲ್ಲ. ಕ್ಷೌರದಂಗಡಿಯಿಂದ ಒಬ್ಬ ಅರ್ಧ ಗಡ್ಡ ತೆಗೆಸಿದ ಮುಖದಲ್ಲೇ ಹೊರಗೆ ಬಂದು ನಿಂತ. ನನ್ನಲ್ಲಿ ಸಾಲ ಇಟ್ಟುಕೊಂಡು ತಲೆ ತಪ್ಪಿಸುತ್ತಿದ್ದ ಚಿಲ್ಲರೆ ಅಂಗಡಿಯವನೊಬ್ಬ ತನ್ನನ್ನೇ ಅಟ್ಟಿಸಿಕೊಂಡು ಬರುತ್ತಿದ್ದೇನೆಂದು ಶಟರ್ ಎಳೆದ.

ಪುಣ್ಯಕ್ಕೆ ಒಂದು ಬಸ್ಸು ರಸ್ತೆಗೆ ಅಡ್ಡ ತಿರುಗಿಸುತ್ತಾ ಇತ್ತು. ಕಾರು ನಿಂತಿತು. ಗ್ಲಾಸು ಇಳಿಯಿತು.

“ಎಂತ ಸಾಹುಕಾರ್ರೇ?”

“ಬೋಡು.”

“ಎಷ್ಟು?”

“ಐವತ್ತೂ.”

ಧಣಿ ಕಣ್ಣೊರೆಸಿಕೊಂಡು ನಗುತ್ತಿದ್ದರು. “ಗಾಡಿ ತಿರುಗಿಸಿ ಇನ್ನೆರಡು ಸಲ ಕೇಳುವ ಅಂತಲೇ ಇದ್ದೆ. ಅಷ್ಟರಲ್ಲಿ ಕನ್ನಡಿಯಲ್ಲಿ ನೀವು ಓಡಿಬರುವುದು ಕಂಡಿತು. ನೋಡಲಿಕ್ಕೆ ಎಷ್ಟು ಚಂದ ಇತ್ತೆಂದರೆ, ಸ್ವಲ್ಪ ಮುಂದೆ ಹೋಗುವ ಎನಿಸಿತು.”

ಮಾರನೆಯ ದಿನ ಲಾರಿ ಬಂತು. ಆಟಿಗೆ ಮೊದಲು ಅಕ್ಕಿ ಎಲ್ಲ ಮನೆಗೂ ಹೋಯಿತು. ಮೇಡಂ ಈಗ ಟೆಂಪೋದಿಂದ ಇಳಿಯುವಾಗಲೇ ಒಂದೇ ಉಸಿರಿನಲ್ಲಿ ಮೂರು ಸಲ ಕೇಳಿಬಿಡುತ್ತಾರಂತೆ.

ಆದರೆ ಅಂದು ಕಾರು ಹೋದ ಮೇಲೆ ನಾನು ಏದುಸಿರು ಬಿಡುತ್ತಾ ಒಂದು ಗೂಡಂಗಡಿಯ ಬೆಂಚಿನಲ್ಲಿ ಕುಸಿದು ಕೂತೆ. ಮುಂಡಿಗೆ ಕೆಸರು, ಒಂದು ಚಪ್ಪಲಿ ಎಲ್ಲಿಯೋ ಹೋಗಿತ್ತು. ಗೂಡಂಗಡಿಯವನಿಗೆ ನನ್ನ ಗುರುತಿಲ್ಲ. ಅವನು ನನ್ನನ್ನು ತುಂಬ ಹೊತ್ತು ನೋಡಿ, ಒಂದು ಶರಬತ್ತು ಮಾಡಿ, ಎರಡು ಬಾಳೆಹಣ್ಣು ಮುರಿದು ಮುಂದಿಟ್ಟ.

“ತೆಗೆದುಕೊಳ್ಳಿ ಅಣ್ಣ. ಪಾಪ, ದೊಡ್ಡವರ ಕಾರಿನ ಹಿಂದೆ ಹೀಗೆಲ್ಲ ಓಡಬೇಡಿ, ಅವರು ಕೊಡುವುದಿಲ್ಲ. ಪಾಣೆಮಂಗಳೂರಿನಲ್ಲಿ ಎಂತದೋ ಆಹಾರ ಬ್ಯಾಂಕ್ ಉಂಟಂತೆ, ಅಲ್ಲಿ ಹೋಗಿ ಹೆಸರು ಕೊಡಿ.”

ನಾನು ಬೊಡ್ಚಿ ಎನ್ನಲಿಲ್ಲ. ಮೊದಲ ಸಲಕ್ಕೇ ಕೈ ಚಾಚಿದೆ.