ಬಳೆ ಚೂರಿನ ಬಲ

ಇನ್ನು ಮುಂದೆ ಈ ಮನೆಯ ಒಂದು ಕ್ಯಾಂಡಲ್ಲೂ ಒಡೆಯಕೂಡದು! ಹೀಗೆಂದು ಸನತ್‌ನಗರದ ಗದಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ಫರ್ಮಾನು ಹೊರಡಿಸಿದಳು. ಕ್ಯಾಂಡಲ್ ಎಂದರೆ ಹಚ್ಚುವುದಲ್ಲ. ನೀರಿನ ಫಿಲ್ಟರಿನೊಳಗೆ ಕೂರುವ, ಮೈತುಂಬ ಕಾಣದಷ್ಟು ಸಣ್ಣ ತೂತುಗಳ ಮಣ್ಣಿನ ಕೊಳವೆ. ಅವಳೂ ಸೊಸೆ ಸುಮಂಗಲಾಳೂ ಮನೆಯಲ್ಲಿ ಅಚ್ಚು ಹಾಕಿದರೆ, ಮಣ್ಣು ಕೊಡುವ ಫಿಲ್ಟರ್ ಶೆಡ್ಡಿನ ಮಾಲೀಕ ಹನುಮಂತರಾಯ ತನ್ನ ಭಟ್ಟಿಯಲ್ಲಿ ಸುಡಿಸುತ್ತಿದ್ದ. ಸುಟ್ಟ ಹತ್ತರಲ್ಲಿ ಆರು ಕೈಯಲ್ಲೇ ಮುರಿಯುತ್ತಿದ್ದವು.

“ಈ ಸಲಾನೂ ಒಡದ್ರ ನಿಮ್ಮ ಮನಿಗೆ ಮಣ್ಣು ಬಂದ್, ಅವ್ವಾ,” ಎಂದಿದ್ದ ಆತ.

ಮಣ್ಣು ಬಂದ್ ಎಂದರೆ ಒಲೆಯೂ ಬಂದ್. ಅರವತ್ತೆಂಟರ ಮೊಣಕಾಲಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಹಿಂದೊಮ್ಮೆ ಸುಮಂಗಲಾಳ ಒಡೆದ ಬಳೆಯ ಚೂರೊಂದು ಹಸಿ ಮಣ್ಣಿಗೆ ಸೇರಿ, ಭಟ್ಟಿಯಲ್ಲಿ ಕರಗಿ, ಮಣ್ಣನ್ನು ಬಿಗಿಯಾಗಿ ಹಿಡಿದದ್ದನ್ನು ಗದಿಗೆಮ್ಮ ಕಂಡಿದ್ದಳು. ಬಳೆಗಾರನಿಂದ ಒಡಕು ಗಾಜಿನ ಬಳೆ ತಂದಳು. ಎರಡು ದಿನ ಕುಟ್ಟಿ, ಹಳೇ ಸೀರೆಯಲ್ಲಿ ಸೋಸಿ, ಸೇರು ಮಣ್ಣಿಗೆ ಒಂದು ಚಮಚ ಬೆರೆಸಿ, ಒಂದೇ ಒಂದನ್ನು ಸುಡಿಸಿದಳು. ಬೀಳಿಸಿದರೂ ಒಡೆಯಲಿಲ್ಲ. ನೀರೂ ಹನಿಹನಿಯಾಗಿ ಇಳಿಯಿತು!

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

“ಒಂದ ಚಮಚಕ್ಕ ಇಷ್ಟು ಗಟ್ಟಿ ಅಂದ್ರ ನಾಕಕ್ಕ ಎಷ್ಟಾದೀತು!”

“ಬ್ಯಾಡ್ರಿ ಅತ್ತಿ. ಒಂದ ಸಾಕು.”

“ನಿನ್ನ ಬಳಿ ಚೂರಿನಿಂದ ಕಲತೀನಿ, ನಿನ್ನ ಬಾಯಿಂದ ಕಲಿಯೂದಿಲ್ಲ. ಸುಮ್ಕಿರು!”

ನಲವತ್ತು ಕ್ಯಾಂಡಲ್‌ಗಳು ಮಿರಮಿರ ಮಿಂಚುತ್ತ ಹೊರಬಂದವು. ಭಟ್ಟಿ ನೋಡಿಕೊಳ್ಳುವ ಹುಲಗೇಶ ಒಂದನ್ನು ನೆಲಕ್ಕೆಸೆದ. ಠಣ್! ಇನ್ನೊಂದರ ಮೇಲೆ ಹತ್ತಿ ನಿಂತ. ಗದಿಗೆಮ್ಮನ ಮುಖ ಗೋಲ್ಕೊಂಡದ ದರ್ಬಾರಿನಂತೆ ಬೆಳಗಿತು.

ಹನುಮಂತರಾಯ ಕೊಳವೆಯೊಳಗೆ ನೀರು ಹೊಯ್ದ. ಕಾದರು. ಚಹಾ ಕುಡಿದರು. ಮತ್ತೆ ಕಾದರು. ಹೊಯ್ದ ನೀರು ಹೊಯ್ದಷ್ಟೇ ಇತ್ತು. ಕರಗಿದ ಗಾಜು ಒಂದು ತೂತನ್ನೂ ಬಿಡದೆ ಮುಚ್ಚಿತ್ತು.

“ಅವ್ವಾ, ಫಿಲ್ಟರ್ ಮಾಡ್ರಿ ಅಂದ್ರ ಲೋಟಾ ಮಾಡೀರಲ್ರಿ!”

ಗದಿಗೆಮ್ಮ ಕೊಳವೆಯ ಹೊರಮೈಗೆ ಸೆರಗು ಒತ್ತಿ ನೋಡಿದಳು; ಒಂದು ಹನಿಯೂ ಹತ್ತಲಿಲ್ಲ.

“ಒಂದ ಚಮಚದ್ದು ಛಲೋ ಐತಿ. ಮಣ್ಣು ಕೊಡ್ತೀನಿ,” ಎಂದ ಹನುಮಂತರಾಯ. “ಆದ್ರ ಮದ್ಲ ಈ ನಲವತ್ತೂ ಕುಟ್ಟಿ ಪುಡಿ ಮಾಡಿ ತರ್ರಿ, ಹೊಸಾ ಮಣ್ಣಿನ್ಯಾಗ ಬೆರಸೂನು. ನಾಳಿ ಸಂಜಿ ತನಕ ಟೈಮು.”

ಮರುದಿನ ಬೆಳಗಿನಿಂದ ಗಲ್ಲಿಯ ತುಂಬ ಧಡ್, ಧಡ್. ಮಧ್ಯಾಹ್ನಕ್ಕೆ ಸದ್ದು ನಿಂತಿತು. ಮುಗಿಯಿತೇನೋ ಎಂದು ಸುಮಂಗಲಾ ಹೊರಗೆ ಇಣುಕಿದಳು. ಅತ್ತೆ ಗೋಡೆಗೊರಗಿ, ಬೆವರೊರೆಸುವ ತ್ರಾಣವೂ ಇಲ್ಲದೆ ಕಣ್ಣು ಮುಚ್ಚಿದ್ದಳು.

“ಎಷ್ಟು ಒಡದ್ವುರಿ, ಅತ್ತಿ?”

“ಒಂದು.”

“ಒಂದ ಕ್ಯಾಂಡಲ್ಲಾ?!”

“ಒನಕಿ.”