ಬಾಣದ ಗುರುತಿನ ವೈರು

ಎದುರುಮನೆಯ ಹಲ್ಲಿನ ಡಾಕ್ಟರು ಹೊಸ ಮ್ಯೂಸಿಕ್ ಸೆಟ್ಟು ತಂದದ್ದನ್ನು ಚೌಕಟ್ಟಣ್ಣ ಹೇಗೋ ಸಹಿಸಿಕೊಂಡಿದ್ದ. ಅದರ ಸ್ಪೀಕರುಗಳು ಆಳೆತ್ತರ ಇದ್ದದ್ದನ್ನೂ ಸಹಿಸಿಕೊಂಡ. ಸಹಿಸಲಾಗದೆ ಹೋದದ್ದು ವೈರಿನ ಮೇಲಿದ್ದ ಬಾಣ. ಹೆಬ್ಬೆರಳು ಗಾತ್ರದ ನೀಲಿ ವೈರು, ಅದರ ಮೇಲೆ ಗೇಣಿಗೊಂದರಂತೆ ಬಿಳಿ ಬಾಣದ ಗುರುತು. ಬಾಣದ ಮೂತಿ ಸೆಟ್ಟಿನಿಂದ ಸ್ಪೀಕರಿನ ಕಡೆಗಿದ್ದರೆ ಮಾತ್ರ ಹಾಡು ಹಾಡಾಗಿರುತ್ತದೆ, ತಿರುಗಿಸಿ ಹಾಕಿದರೆ ಅದರ ಜೀವವೇ ಹೋಗುತ್ತದೆ ಎಂದು ಡಾಕ್ಟರು ವಿವರಿಸುತ್ತಿದ್ದರು. ಬೀದಿಯವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅವರ ಮುಂದೆ ಬಾಯಿ ಬಿಡುವುದು ಎಲ್ಲರಿಗೂ ಮೊದಲಿನಿಂದಲೇ ಅಭ್ಯಾಸವಾಗಿತ್ತು.

ಚೌಕಟ್ಟಣ್ಣನದು ಪಟಗಳಿಗೆ ಫ್ರೇಮು ಹಾಕುವ ಅಂಗಡಿ. ನಿಜವಾದ ಹೆಸರೊಂದಿತ್ತು, ಅದನ್ನು ಬೀದಿ ಮರೆತು ಬಹಳ ಕಾಲವಾಗಿತ್ತು. ಹನ್ನೆರಡು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸೇರುತ್ತಿದ್ದದ್ದು ಅವನ ಮನೆಯಲ್ಲಿ, ಸ್ಪೀಕರೂ ಒಳಗೇ ಇದ್ದ ಮರದ ಪೆಟ್ಟಿಗೆಯ ಹಳೆಯ ಸೆಟ್ಟಿನ ಮುಂದೆ. ರಿಟೈರಾದ ಸಂಗೀತ ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ರೆಕಾರ್ಡು ಮುಗಿದ ಮೇಲೆ ತೀರ್ಪು ಕೊಡುತ್ತಿದ್ದರು. ಅವರು ತಲೆದೂಗಿದರೆ ಚೌಕಟ್ಟಣ್ಣ ಒಂದು ವಾರ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಮೇಷ್ಟ್ರು ಎದುರುಮನೆಗೆ ಹೋಗಿ ಕೂತರು. ಅವರ ಹಿಂದೆ ಬೀದಿ ಹೋಯಿತು. ಬೀದಿಯ ಹಿಂದೆ ಭಾವಮೈದ ಹೋದ. ಕೊನೆಗೊಂದು ದಿನ ಹೆಂಡತಿಯೂ ಹೋಗಿಬಂದು, ನಿಜವಾಗಿ ಚೆನ್ನಾಗಿದೆ ಕಣ್ರೀ ಎಂದಳು. ಆವತ್ತು ಅವನು ಊಟ ಬಿಟ್ಟ. ಮರುದಿನ ತನ್ನ ಸೆಟ್ಟಿನ ಮೇಲೆ ದುಪ್ಪಟಿ ಎಳೆದವನು ಮತ್ತೆ ಅದನ್ನು ಮುಟ್ಟಲಿಲ್ಲ. ಆದರೂ ಪ್ರತಿ ಭಾನುವಾರ ತಪ್ಪದೆ ಡಾಕ್ಟರ ಮನೆಗೆ ಹೋಗಿ ಮೂಲೆಯಲ್ಲಿ ಕೂತು ಹೊಟ್ಟೆ ಉರಿಸಿಕೊಂಡು ಬರುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ತನ್ನ ಭಾನುವಾರಗಳು ತನಗೆ ವಾಪಸು ಬರಬೇಕು.

ಆ ಭಾನುವಾರ ಎಂಟು ಗಂಟೆಗೇ ಅವನು ಡಾಕ್ಟರ ಮನೆಯ ಹಾಲಿನಲ್ಲಿದ್ದ. ಡಾಕ್ಟರು ಯಾವುದೋ ಸಭೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಿರುವ ಫೋಟೋಕ್ಕೆ ಅವನೇ ಫ್ರೇಮು ಹಾಕಿದ್ದ, ಗೋಡೆಗೆ ತೂಗುಹಾಕಲು ಬಂದಿದ್ದ. ಜಾಗ ತೋರಿಸಿ ಡಾಕ್ಟರು ಸ್ನಾನಕ್ಕೆ ಹೋದರು. ಹಾಲಿನಲ್ಲಿ ಉಳಿದದ್ದು ಆ ಸೆಟ್ಟು ಮತ್ತು ಚೌಕಟ್ಟಣ್ಣ. ಕೈಯಲ್ಲಿ ಸುತ್ತಿಗೆ ಇದ್ದರೂ ಅವನು ಏನನ್ನೂ ಒಡೆಯಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದಸ್ಥ. ಅವನ ತಲೆಗೆ ಬಂದದ್ದು ಬೇರೆ. ವೈರುಗಳನ್ನು ತಿರುಗಿಸಿ ಹಾಕುವುದು, ಎಲ್ಲರೂ ಎಂದಿನಂತೆ ಹೊಗಳುವವರೆಗೆ ಕಾಯುವುದು, ಆಮೇಲೆ ಎದ್ದು ನಿಂತು ಸತ್ಯ ಹೇಳುವುದು. ಬಾಣ ಹೋದರೆ ಡಾಕ್ಟರ ದೊಡ್ಡಸ್ತಿಕೆಯೂ ಹೋಗುತ್ತದೆ.

ಮೊದಲ ವೈರು ಸಲೀಸಾಗಿ ತಿರುಗಿತು. ಎರಡನೆಯದರ ಕೊನೆಯ ತುದಿ ಕೈಯಲ್ಲಿರುವಾಗ ಬಚ್ಚಲ ಬಾಗಿಲ ಚಿಲಕದ ಸದ್ದಾಯಿತು. ಸೆಟ್ಟಿನ ಹಿಂದೆ ಕಂಡ ಯಾವುದೋ ತೂತಿಗೆ ಅದನ್ನು ತುರುಕಿ, ಫೋಟೋವನ್ನು ಸೊಟ್ಟಗೇ ನೇತುಹಾಕಿ, ಅರ್ಜೆಂಟು ಗಾಜು ಕತ್ತರಿಸುವುದಿದೆ ಎಂದು ಅಂಗಡಿಗೆ ಓಡಿದ.

ಹತ್ತಕ್ಕೆ ಅಂಗಡಿಯಿಂದ ನೇರವಾಗಿ ಬಂದಾಗ ಹಾಲು ಜನರಿಂದ ತುಂಬಿತ್ತು. ಎರಡು ಸ್ಪೀಕರುಗಳ ನಡುವೆ, ಸೆಟ್ಟಿಗೆ ಅಡ್ಡವಾಗಿ ಪರದೆಯೊಂದು ಇಳಿಬಿದ್ದಿತ್ತು. ಧೂಳು ಕೂರುತ್ತದೆ ಅಂತ, ಎಂದರು ಡಾಕ್ಟರು. ಯಾಕೋ ಅವರು ಅವತ್ತು ಬಾಣದ ಸುದ್ದಿಯನ್ನೇ ಎತ್ತಲಿಲ್ಲ. ಪರದೆಯ ಹಿಂದೆ ಹೋಗಿ ರೆಕಾರ್ಡು ಹಾಕಿ ಬಂದು ಕೂತರು. ಬಾಗಿಲ ಹತ್ತಿರ ಕೂತಿದ್ದ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಹಾಡು ಶುರುವಾಯಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಅರ್ಧಕ್ಕೆ ಬರುವಾಗ ಅವರ ಗಲ್ಲದ ಮೇಲೆ ನೀರಿಳಿಯಿತು. ರೆಕಾರ್ಡು ಮುಗಿದ ಮೇಲೆ ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು.

"ಡಾಕ್ಟ್ರೇ, ಮೂರು ತಿಂಗಳಿಂದ ಇಲ್ಲಿ ಕೇಳ್ತಿದೀನಿ. ಇವತ್ತಿನ ಹಾಗೆ ಯಾವತ್ತೂ ಕೇಳಿರ್ಲಿಲ್ಲ. ಹಾಡೋಳು ಪಕ್ಕದಲ್ಲೇ ಬಂದು ಕೂತ ಹಾಗಿತ್ತು."

ಡಾಕ್ಟರು ಕೆಮ್ಮಿದರು. ಅದೆಲ್ಲ ಬಾಣದ ಮಹಿಮೆ ಎಂದು ಭಾವಮೈದ ಪಕ್ಕದವರಿಗೆ ಹೇಳುವುದು ಚೌಕಟ್ಟಣ್ಣನ ಕಿವಿಗೆ ಬಿತ್ತು. ಇದಕ್ಕಾಗಿಯೇ ಕಾಯುತ್ತಿದ್ದವನು ಎದ್ದು ನಿಂತ.

"ಯಾವ ಬಾಣ? ಬೆಳಿಗ್ಗೆ ವೈರುಗಳನ್ನ ನಾನೇ ತಿರುಗಿಸಿಟ್ಟಿದೀನಿ. ಬೇಕಾದ್ರೆ ಬಗ್ಗಿ ನೋಡಿ."

ಎಲ್ಲರೂ ಬಗ್ಗಿದರು. ಬಾಣಗಳು ಸ್ಪೀಕರಿಗೆ ಬೆನ್ನು ಹಾಕಿ ಪರದೆಯ ಕಡೆ ಮುಖ ಮಾಡಿದ್ದವು. ಭಾವಮೈದ ನಾಲಿಗೆ ಕಚ್ಚಿಕೊಂಡ. ಬಾಣಕ್ಕೂ ಹಾಡಿಗೂ ಸಂಬಂಧವಿಲ್ಲ ಎಂಬುದು ಇಡೀ ಹಾಲಿಗೆ ಗೊತ್ತಾಯಿತು. ಚೌಕಟ್ಟಣ್ಣ ಗೆದ್ದಿದ್ದ. ಗೆದ್ದವನು ಕೂತುಬಿಡಬೇಕಾಗಿತ್ತು. ಆದರೆ ಮೂರು ತಿಂಗಳ ಹೊಟ್ಟೆಕಿಚ್ಚು ಒಂದೇ ಮಾತಿಗೆ ಆರುತ್ತದೆಯೇ? ಹೆಂಡತಿ ಎದ್ದು ಬಂದು ಅಂಗಿ ಜಗ್ಗಿದಳು. ಅವನು ಕೈ ಕೊಡವಿದ.

"ಬಾಣ ಹಾಳಾಗ್ಲಿ, ಸೆಟ್ಟಾದ್ರೂ ಏನು ಸೆಟ್ಟು ಇದು? ಈಗ ಕೇಳಿದ್ರಲ್ಲ, ತಗಡಿನ ಡಬ್ಬ ಅಲ್ಲಾಡಿಸಿದ ಹಾಗಿತ್ತು. ಕಿವಿ ಇದ್ದೋರು ಯಾರೂ ಇದನ್ನ ಮನೇಲಿಟ್ಕೊಳ್ಳಲ್ಲ. ಮೇಷ್ಟ್ರೇ, ನಿಮಗೆ ವಯಸ್ಸಾಯ್ತು, ಅದಕ್ಕೇ ಕಣ್ಣೀರು."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಡಾಕ್ಟರು ನಿಧಾನವಾಗಿ ಎದ್ದರು. ಹುಳುಕು ಹಲ್ಲನ್ನು ನೋಡುವಂತೆ ಅವನನ್ನು ನೋಡಿದರು.

"ಹಾಗಾದ್ರೆ ಬೆಳಿಗ್ಗೆ ಕೈ ಹಾಕಿದ್ದು ನೀವು. ಒಂಬತ್ತಕ್ಕೆ ಸ್ವಿಚ್ಚು ಹಾಕಿದೆ, ಟಪ್ ಅಂತು, ಹೊಗೆ ಬಂತು, ಅಲ್ಲಿಗೆ ಮುಗೀತು. ಎಲ್ಲರೂ ಬರೋ ಹೊತ್ತು, ಮಾನ ಹೋಗುತ್ತಲ್ಲ ಅಂತ ನಿಮ್ಮ ಮನೆಯವರ ಹತ್ರ ಓಡಿ ಬೇಡ್ಕೊಂಡೆ."

ಅವರು ಪರದೆ ಸರಿಸಿದರು. ಸುಟ್ಟುಹೋದ ಸೆಟ್ಟಿನ ಮುಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಚೌಕಟ್ಟಣ್ಣನ ಮರದ ಪೆಟ್ಟಿಗೆ.

ಅವನ ಬಾಯಿ ತೆರೆದೇ ಇತ್ತು. ಬಾಣದ ಮಾತಿಗೇ ನಿಲ್ಲಿಸಿದ್ದರೆ ಮೇಷ್ಟ್ರು ಆ ಪೆಟ್ಟಿಗೆಯ ಹಿಂದೆಯೇ ರಸ್ತೆ ದಾಟಿ ಅವನ ಮನೆಗೆ ಬಂದುಬಿಡುತ್ತಿದ್ದರು.

"ನಾನು ಹೇಳಿದ್ದು... ಅಂದ್ರೆ, ಇವತ್ತು ಒಂದು ತರದಲ್ಲಿ ಚೆನ್ನಾಗೇ ಇತ್ತು," ಎಂದ.

ಮೇಷ್ಟ್ರು ಶಲ್ಯ ಕೊಡವಿಕೊಂಡರು. "ನಂಗೂ ಮೊದಲಿಂದ ಏನೋ ಕೊರತೆ ಅನ್ನಿಸ್ತಾನೇ ಇತ್ತು. ಸಾಕಿದೋರೇ ಡಬ್ಬ ಅಂದ್ಮೇಲೆ ನಾನೇನು ಹೇಳ್ಲಿ?" ಎಂದರು. ಅಲ್ಲಿದ್ದ ಉಳಿದವರಿಗೂ ಆ ಕೊರತೆ ಆ ಕ್ಷಣದಲ್ಲಿ ನೆನಪಾಯಿತು. ಗುರುವಾರದೊಳಗೆ ಡಾಕ್ಟರ ಸೆಟ್ಟು ರಿಪೇರಿಯಾಗಿ ಬರಲಿ, ಬರುವ ಭಾನುವಾರವೂ ಇಲ್ಲೇ ಎಂದು ತೀರ್ಮಾನವಾಯಿತು.

ಪೆಟ್ಟಿಗೆ ಹೊತ್ತು ರಸ್ತೆ ದಾಟುವಾಗ ಹೆಂಡತಿ ಮೆಲ್ಲಗೆ ಕೇಳಿದಳು. "ಶುರುವಾದ ತಕ್ಷಣ ನಿಮಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಹನ್ನೆರಡು ವರ್ಷ ಕೇಳಿದ್ದಲ್ವಾ?"

ಅವನು ಹೆಜ್ಜೆ ಜೋರು ಮಾಡಿದ. ಮನೆಯಲ್ಲಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಅದರಲ್ಲೇ ಉಳಿದುಬಂದಿದ್ದ ಅದೇ ರೆಕಾರ್ಡು ಹಾಕಿದ. ಹೌದು, ಹಾಡುವವಳು ಪಕ್ಕದಲ್ಲೇ ಬಂದು ಕೂತಳು. ಅವನ ಕಣ್ಣು ತುಂಬಿಬಂತು. ರಸ್ತೆಯ ಕಡೆಯ ಕಿಟಕಿ ಪೂರ್ತಿ ತೆರೆದು, ಎದುರುಮನೆಗೆ ಕೇಳುವಷ್ಟು ಸದ್ದು ಹೆಚ್ಚಿಸಿದ.

ಎದುರು ಕಿಟಕಿಯಲ್ಲಿ ಮೇಷ್ಟ್ರ ತಲೆ ಕಾಣಿಸಿತು. ಚೌಕಟ್ಟಣ್ಣ ತನ್ನ ಕಿಟಕಿಯಿಂದ ಕತ್ತು ಚಾಚಿದ. ಮೇಷ್ಟ್ರು ಒಂದು ಚರಣ ಪೂರ್ತಿ ಕೇಳಿದರು, ತಲೆದೂಗಲು ಹೋಗಿ ತಡೆದುಕೊಂಡರು, "ತಗಡಿನ ಡಬ್ಬ" ಎಂದು ಒಳಗಿನವರಿಗೆ ಹೇಳಿ ಕಿಟಕಿ ಎಳೆದುಕೊಂಡರು.