ನಾಯಿ ಇಲ್ಲದ ಮನೆ

ರಿಪೇರಿಯವನು ತನ್ನ ಅಮ್ಮನ ಉಸಿರಾಟದ ಯಂತ್ರದ ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆದ. ಕೊಡವಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೊಡವಿ ಸಿಕ್ಕಿಸಿದ. ಅಮ್ಮ ಮಂಚದಿಂದ ನೋಡುತ್ತಿದ್ದಳು. ಆಗ ಯಂತ್ರ ‘ಕುಂಯ್’ ಎಂದಿತು.

ಯಂತ್ರದ ಬೋರ್ಡ್ ಸುಟ್ಟುಹೋಗಿತ್ತು. ಹಳೆಯ ಮಾದರಿ, ಬದಲಿ ಎಲ್ಲೂ ಸಿಗಲಿಲ್ಲ. ಅವನೇ ಬೆಂಕಿಪೊಟ್ಟಣದಷ್ಟು ಬೋರ್ಡೊಂದನ್ನು ಕೂರಿಸಿ, ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿದ್ದ. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಿ ತಿದ್ದಬಹುದು; ಹೇಳಿದ ಕೆಲಸವನ್ನು ಹೇಳಿದ ಗಳಿಗೆಗೇ ಮಾಡುವ ಜಾತಿ. ತಪ್ಪು ಅದರದಲ್ಲ. ಅದರ ಮೇಲೆ ಇವನು ಬರೆದ, ಗಾಳಿ ತಳ್ಳುವ ಪ್ರೋಗ್ರಾಮ್ ಮಾತ್ರ ಕೆಸರಲ್ಲಿ ಕೂತ ಎಮ್ಮೆಯಂತೆ ಆಗಾಗ ಕದಲದೆ ಕೂತುಬಿಡುತ್ತಿತ್ತು.

ಅದಕ್ಕೆಂದೇ ಬೋರ್ಡಿನಲ್ಲೊಂದು ಕಾವಲುಗಡಿಯಾರವಿತ್ತು. ಕಸುಬಿನವರು ಅದನ್ನು ನಾಯಿ ಎನ್ನುತ್ತಾರೆ. ಪ್ರೋಗ್ರಾಮ್ ಆಗಾಗ ‘ಬದುಕಿದ್ದೇನೆ’ ಎಂದು ಸಂಕೇತ ಕೊಡುವುದೇ ನಾಯಿಗೆ ಊಟ. ಊಟ ತಪ್ಪಿದರೆ, ಅಂದರೆ ಪ್ರೋಗ್ರಾಮ್ ಕೂತುಬಿಟ್ಟರೆ, ನಾಯಿ ಅದನ್ನು ಕೊಂದು ಮೊದಲಿನಿಂದ ಎಬ್ಬಿಸುತ್ತದೆ. ಎದ್ದಾಗಲೆಲ್ಲ ಕುಂಯ್.

ಅವನು ಬಾಗಿಲಲ್ಲಿ ನಿಂತು ಗೆಳೆಯನಿಗೆ ಫೋನ್ ಮಾಡಿದ. “ನಾಯಿಗೆ ಊಟ ಬೀಳ್ತಿಲ್ಲ ಕಣೋ. ಬೆಳಗ್ಗೆಯಿಂದ ಕೊಲ್ತಾನೇ ಇದೆ.”

ಎದುರುಮನೆ ಟೈಲರಮ್ಮನ ಕಿವಿ ನೆಟ್ಟಗಾಯಿತು. “ನಾಯಿ ಸಾಕಿದ್ದೀಯೇನಪ್ಪಾ? ಅದೂ ಉಪವಾಸ?”

“ಅಯ್ಯೋ ಅಕ್ಕಾ, ಅದು ನಿಜವಾದ ನಾಯಿ ಅಲ್ಲ.”

“ಕುಂಯ್‌ಗುಟ್ಟೋದನ್ನ ನಾನೇ ಕೇಳಿದ್ದೀನಲ್ಲ.”

ಅರ್ಧ ಗಂಟೆಯಲ್ಲಿ ಕಟ್ಟಡದ ಕಾರ್ಯದರ್ಶಿ ಬಂದು ಮಂಚದಡಿ ಬಗ್ಗಿ ನೋಡಿದರು. “ಇಲ್ಲಿ ನಾಯಿ ಸಾಕೋ ಹಾಗಿಲ್ಲ, ಗೊತ್ತಲ್ವಾ?”

“ಸರ್, ಅದು ಈ ಬೋರ್ಡಿನೊಳಗಿದೆ.”

“ಚುಚ್ಚುಮದ್ದು ಹಾಕ್ಸಿದ್ದೀಯಾ?” ಎಂದಳು ಟೈಲರಮ್ಮ.

ಅಮ್ಮ ಏದುಸಿರು ಬಿಡುತ್ತಾ, “ಮೊದ್ಲು ನನಗೆ ಗಾಳಿ ಹಾಕೋ. ಆಮೇಲೆ ನಾಯಿಗೆ ಅನ್ನ ಹಾಕು” ಎಂದಳು.

ಯಂತ್ರ ಮತ್ತೆ ಕುಂಯ್ ಎಂದಿತು. ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದರು. “ನನ್ನ ಕಣ್ಣೆದುರಿಗೇ ನಾಯಿ ತೆಗಿ. ಇಲ್ಲಾಂದ್ರೆ ಮನೆ ಖಾಲಿ ಮಾಡು.”

ಹಾಸಿಗೆ ಹಿಡಿದ ಅಮ್ಮನನ್ನು ಹೊತ್ತು ಎಲ್ಲಿಗೆ ಹೋಗುವುದು? ಸಂಜೆಯೊಳಗೆ ತಪ್ಪು ಹುಡುಕಿ ಮತ್ತೆ ಹಾಕಿದರಾಯಿತು ಎಂದುಕೊಂಡು, ಲ್ಯಾಪ್‌ಟಾಪ್ ತೆರೆದು ನಾಯಿಯ ಸಾಲನ್ನು ಅವರೆದುರೇ ಅಳಿಸಿ ಬೋರ್ಡಿಗೆ ತುಂಬಿದ. “ನೋಡಿ ಸರ್, ನಾಯಿ ಹೋಯ್ತು.”

ಎಲ್ಲರೂ ಕಿವಿಗೊಟ್ಟು ನಿಂತರು. ಕುಂಯ್ ಇಲ್ಲ.

“ಅಂದ್ರೆ ನಾಯಿ ಇದ್ದದ್ದು ನಿಜ ಅಂತಾಯ್ತು” ಎಂದಳು ಟೈಲರಮ್ಮ, ಗೆದ್ದ ವಕೀಲನಂತೆ.

ಮೂಕಪ್ರಾಣಿಗಳ ಮೇಲೆ ದಯೆ ಇರಬೇಕೆಂದು ಇಬ್ಬರೂ ಮೆಟ್ಟಿಲವರೆಗೂ ಬುದ್ಧಿ ಹೇಳಿದರು. ಮೆಟ್ಟಿಲ ಬಳಿಯೂ ಹೇಳಿದರು. ಅವನು ತಲೆಯಾಡಿಸುತ್ತಲೇ ಇದ್ದ.

ಒಳಗೆ ಬಂದಾಗ ಮನೆ ತಣ್ಣಗಿತ್ತು. ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಪರದೆಯ ಮೇಲೆ ಉಸಿರಿನ ಅಂಕಿ ಮೊದಲ ಸಲ ಏರುಪೇರಿಲ್ಲದೆ ನಿಂತಿತ್ತು. ಅವನು ಬೆವರೊರೆಸಿಕೊಂಡು ಮಂಚದ ಅಂಚಿಗೆ ಕೂತ. ಅಂಕಿಯ ಪಕ್ಕ ಅದೇ ಪ್ರೋಗ್ರಾಮ್ ಓಡಿಸುವ ಗಡಿಯಾರದಲ್ಲಿ ಸೆಕೆಂಡುಗಳೂ ಹಾಗೇ ನಿಂತಿದ್ದವು.

“ಅಮ್ಮಾ” ಎಂದ. “ಏನಾದ್ರೂ ಹೇಳು.”